ಸರದಿ ತಪ್ಪಿ ಬಂದ ಗೆರೆ

ಒಂದು ಅಕ್ಷರಕ್ಕೆ ಐದು ನಿಮಿಷ. ಈ ಲೆಕ್ಕವೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗದಲ್ಲಿ, ಬೇಲೆಕಟ್ಟಿನ ಗುಡ್ಡದ ಮೇಲೆ ಕೂತು ನಾನು ಐದಾರು ಅಕ್ಷರದ ಕ್ಷೇಮಸಮಾಚಾರ ಕಳಿಸಬೇಕಾದರೆ ಅರ್ಧ ಗಂಟೆ ಹಿಡಿಯುತ್ತದೆ. ಸಮುದ್ರದ ಆಚೆ ದಡದ ಓಮನ್ ದೇಶದಲ್ಲಿ, ಸೂರ್ ಎಂಬ ಊರಿನಲ್ಲಿ, ಖಲ್ಫಾನ್ ಅದನ್ನು ಓದಿ 'ಸಿಕ್ಕಿತು' ಎನ್ನಲು ಇನ್ನರ್ಧ ಗಂಟೆ. ಒಬ್ಬರನ್ನೊಬ್ಬರು ಬೈಯುವಷ್ಟು ಪುರಸೊತ್ತು ಇಬ್ಬರಿಗೂ ಇಲ್ಲ. ಹಾಗಾಗಿ ನಮ್ಮದು ಬಹಳ ಒಳ್ಳೆಯ ಸ್ನೇಹ.

ಇಷ್ಟು ನಿಧಾನ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಸೂರ್ಯನನ್ನು ಕೇಳಬೇಕು. ಅವನು ಕೆರಳಿ ಇದು ಎರಡನೆಯ ವರ್ಷ. ಉಪಗ್ರಹಗಳು ಮೊದಲ ವಾರದಲ್ಲೇ ಸತ್ತವು. ಸಮುದ್ರದ ತಳದ ಕೇಬಲ್ಲುಗಳ ಒಳಗಿದ್ದ ಬಲವರ್ಧಕಗಳು ಒಂದೊಂದಾಗಿ ಸುಟ್ಟವು. ಮೇಲಿನ ವಾಯುಪದರ ಹಗಲಿಡೀ ಕದಡಿಕೊಂಡು ಶಾರ್ಟ್‌ವೇವ್ ರೇಡಿಯೊವನ್ನು ಪೂರ್ತಿ ನುಂಗಿತು. ಆದರೆ ಅದೇ ಪದರದ ತಳಭಾಗ ಎಂದಿಗಿಂತ ಗಟ್ಟಿಯಾಯಿತು. ಇದರಿಂದ ಬಹಳ ಕಡಿಮೆ ಕಂಪನಾಂಕದ ಅಲೆಗಳಿಗೆ, ಎರಡೆರಡು ಕಿಲೋಮೀಟರು ಉದ್ದದ ಸೋಮಾರಿ ಅಲೆಗಳಿಗೆ, ಆಕಾಶ ಮತ್ತು ಸಮುದ್ರದ ನಡುವೆ ಒಂದು ಕೊಳವೆ ಸಿಕ್ಕಂತಾಯಿತು. ಅವು ಹಾಡುಹಗಲಲ್ಲೇ ದಾಟತೊಡಗಿದವು. ಆ ಕೊಳವೆಯಲ್ಲಿ ಗದ್ದಲ ಮಾತ್ರ ವಿಪರೀತ. ಗದ್ದಲದಲ್ಲಿ ಒಂದು ಕ್ಷೀಣ ದನಿ ಗುರುತು ಸಿಗಬೇಕಾದರೆ ಅದು ಬಹಳ ಹೊತ್ತು ಒಂದೇ ಸಮನೆ ಇರಬೇಕು. ಆದ್ದರಿಂದ ಮೋರ್ಸ್ ಸಂಕೇತದ ಒಂದು ಚುಕ್ಕೆಗೆ ಅರ್ಧ ನಿಮಿಷ, ಒಂದು ಗೀಟಿಗೆ ಒಂದೂವರೆ ನಿಮಿಷ. ಕಿವಿಗೆ ಏನೂ ಕೇಳದು. ತಿರುಗುವ ಕಾಗದದ ಮೇಲೆ ಪೆನ್ನು ತುಂಡು ತುಂಡು ಗೆರೆ ಎಳೆಯುತ್ತದೆ, ನಾವು ಕಣ್ಣಿನಿಂದ ಓದುತ್ತೇವೆ.

ನಾನು ಉಮಾವತಿ ಗಾಂವಕರ. ಆಕಾಶವಾಣಿಯ ಟ್ರಾನ್ಸ್‌ಮಿಟರುಗಳ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಟ್ರಾನ್ಸ್‌ಮಿಟರೂ ಗಂಡಸರ ಹಾಗೆ ಗೊರಕೆ ಹೊಡೆಯುತ್ತದೆ, ಆದರೆ ಅದಕ್ಕೊಂದು ಸ್ವಿಚ್ಚು ಇರುತ್ತದೆ. ಹವ್ಯಾಸಿ ರೇಡಿಯೊ ನನಗೆ ಕಾಲೇಜಿನ ಕಾಲದ ಹುಚ್ಚು. ಜಗತ್ತಿನ ದೊಡ್ಡ ದೊಡ್ಡ ಯಂತ್ರಗಳೆಲ್ಲ ಮಲಗಿದಾಗ ನಮ್ಮಂಥ ಹುಚ್ಚರ ಹತ್ತಿರ ಸರಕಾರವೇ ಬಂದು ಕೈಮುಗಿಯಿತು.

ಬೇಲೆಕಟ್ಟಿಗೆ ನಾನು ಬಂದದ್ದು ಉಪ್ಪಿನ ಆಸೆಗೆ. ಇಂಥ ಉದ್ದ ಅಲೆಗೆ ನ್ಯಾಯವಾಗಿ ಅರ್ಧ ಕಿಲೋಮೀಟರು ಎತ್ತರದ ಆಂಟೆನಾ ಬೇಕು. ನಮ್ಮದು ಹದಿನೆಂಟು ಮೀಟರಿನ ಕಂಬ. ಕಂಬದ ಕೊರತೆಯನ್ನು ನೆಲ ತುಂಬಿಕೊಡಬೇಕು, ಅಂಥ ನೆಲ ಎಂದರೆ ಉಪ್ಪಿನ ಆಗರ. ಗುಡ್ಡದ ಬುಡದಲ್ಲಿ ನಲವತ್ತು ಗದ್ದೆ ತುಂಬ ಉಪ್ಪುನೀರು, ಅದರಾಚೆ ಹೊಳೆ, ಅದರಾಚೆ ಕಡಲು. ಆ ಕೆಸರಿನಲ್ಲಿ ತಾಮ್ರದ ತಂತಿ ಹುಗಿದು ಮೇಲೆಳೆದರೆ ಇಡೀ ಅಳಿವೆಯೇ ಆಂಟೆನಾದ ಅರ್ಧ ಭಾಗವಾಗುತ್ತದೆ. ಒಂದೇ ತೊಂದರೆ: ಭರತ ಇಳಿತಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ನೀರು ಸರಿದಂತೆ ಆಂಪಿಯರ್ ಮೀಟರಿನ ಮುಳ್ಳು ಬೀಳುತ್ತದೆ. ಆಗ ಉಪ್ಪಿನಕಾಯಿ ಡ್ರಮ್ಮಿಗೆ ಸುತ್ತಿದ ದೊಡ್ಡ ಸುರುಳಿಯನ್ನು ಎಳೆಎಳೆಯಾಗಿ ತಿರುಗಿಸಿ ಮುಳ್ಳನ್ನು ಮೇಲೆ ತರಬೇಕು.

ಆ ಕೆಲಸ ಹೊನ್ನಿಯದು. ಹೊನ್ನಿ ಉಪ್ಪು ತೆಗೆಯುವ ಆಗೇರ ಸಮುದಾಯದ ಹೆಂಗಸು, ವಯಸ್ಸು ಐವತ್ತರ ಆಸುಪಾಸು, ಹುಟ್ಟಿದಾಗಿನಿಂದ ಆಗರದಲ್ಲಿ ಉಪ್ಪು ಎಳೆದವಳು. ಮೋರ್ಸ್ ಬಾರದು, ಓದು ಬಾರದು. ಆದರೆ ನೀರು ಎಲ್ಲಿದೆ ಎಂದು ಕಿಟಕಿಗೆ ಬೆನ್ನು ಹಾಕಿ ಕೂತು ಹೇಳುತ್ತಾಳೆ. ಮುಳ್ಳು ಬೀಳುವ ಮೊದಲೇ ಅವಳ ಕೈ ಸುರುಳಿಯ ಮೇಲೆ ಇರುತ್ತಿತ್ತು.

ನಮ್ಮಲ್ಲಿ ಎರಡು ಕಟ್ಟುನಿಟ್ಟು. ಮೊದಲನೆಯದು ಸರದಿ. ಒಂಬತ್ತು, ಹನ್ನೊಂದು, ಒಂದು, ಹೀಗೆ ಬೆಸ ಗಂಟೆ ನಮ್ಮದು. ಹತ್ತು, ಹನ್ನೆರಡು, ಹೀಗೆ ಸಮ ಗಂಟೆ ಖಲ್ಫಾನನದು. ಕಳಿಸುತ್ತಿರುವಾಗ ಕೇಳಲು ಆಗುವುದಿಲ್ಲವಾದ್ದರಿಂದ ಒಬ್ಬರ ಗಂಟೆಯಲ್ಲಿ ಇನ್ನೊಬ್ಬರು ಬಾಯಿ ಹಾಕಬಾರದು. ಎರಡನೆಯದು ನಾನೇ ಮಾಡಿದ ನಿಯಮ. ಸಂದೇಶ ಪೂರ್ತಿ ಬಂದು, ನಾವು ತಿರುಗಿ ಕಳಿಸಿ, ಅವನು 'ಸರಿ' ಎನ್ನುವ ತನಕ ಈ ಕೋಣೆಯಿಂದ ಒಂದು ಮಾತೂ ಹೊರಗೆ ಹೋಗಕೂಡದು.

ಈ ನಿಯಮಕ್ಕೆ ಕಾರಣ ನನ್ನದೇ ಮೂರ್ಖತನ. ಮೊದಲ ತಿಂಗಳಲ್ಲಿ ಖಲ್ಫಾನ್ 'ಬಿರುಗಾಳಿ' ಎಂದು ಕಳಿಸಿದ. ನಾನು ಓಡಿಹೋಗಿ ಊರೆಬ್ಬಿಸಿದೆ. ಜನ ಮಕ್ಕಳುಮರಿ ಕಟ್ಟಿಕೊಂಡು ಗುಡ್ಡ ಹತ್ತಿದರು, ಗಡಿಬಿಡಿಯಲ್ಲಿ ಯಾರೋ ತೂಬು ತೆರೆದು ಆಗರದ ತುಂಬ ಹೊಳೆ ನುಗ್ಗಿ ಒಂದು ಹಂಗಾಮಿನ ಉಪ್ಪು ಕರಗಿತು, ಹಣ್ಣು ಮುದುಕ ಗಿರಿಯಣ್ಣ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹದಿನೈದು ದಿನಕ್ಕೆ ಸತ್ತ. ಒಂದು ಗಂಟೆಯ ನಂತರ ಕಾಗದದ ಮೇಲೆ ಉಳಿದ ಅಕ್ಷರಗಳು ಬಂದವು: 'ಹೋಯಿತು'. ಅವರ ಬಿರುಗಾಳಿ ಮುಗಿದ ಸುದ್ದಿಯನ್ನು ಅವನು ಸಂತೋಷದಿಂದ ತಿಳಿಸುತ್ತಿದ್ದ. ಗಿರಿಯಣ್ಣನ ಹೆಂಡತಿ ಇವತ್ತಿಗೂ ನನ್ನ ಕಂಡರೆ ದಾರಿ ಬದಲಿಸುತ್ತಾಳೆ. ನಾನು ಅವಳನ್ನು ದೂರುವುದಿಲ್ಲ.

ಆ ದಿನ ಬೆಳಿಗ್ಗೆ ಎಂದಿನಂತೆ ಹೊನ್ನಿಯ ಮನೆಯಲ್ಲೇ ತಿಂಡಿ ತಿಂದೆ. ಗಂಜಿ, ಬಳಚಿನ ಸುಕ್ಕ. ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪು. ಸೂರ್ಯ ಕೆರಳಿ ದೋಣಿಯವರಿಗೆ ಹವಾಮಾನದ ಸುದ್ದಿ ನಿಂತ ಮೇಲೆ ಗಂಡಸರು ದೂರದ ಕಡಲಿಗೆ ಹೋಗುವುದನ್ನು ಬಿಟ್ಟಿದ್ದರು. ಊರಿನ ಹೊಟ್ಟೆ ತುಂಬುತ್ತಿದ್ದದ್ದು ಹೆಂಗಸರ ಬುಟ್ಟಿಯಿಂದ. ನೀರು ಇಳಿದಾಗ ನೂರಾರು ಹೆಂಗಸರು ಅಳಿವೆಯ ದಿಬ್ಬಗಳ ಮೇಲೆ ಬಗ್ಗಿ, ಕಾಲಿನಿಂದ ಕೆಸರು ತಡಕಿ ಬಳಚು ಆರಿಸುತ್ತಾರೆ. ನೀರು ಎಷ್ಟು ಇಳಿದರೆ ಅಷ್ಟು ಮುಂದೆ ಹೋಗುತ್ತಾರೆ.

ಹೊನ್ನಿಯ ಮಗಳು ಶೇವಂತಿ ಬುಟ್ಟಿಗೆ ಬಲೆ ಕಟ್ಟುತ್ತಿದ್ದಳು. ಇಪ್ಪತ್ತೆರಡರ ಹುಡುಗಿ, ಅವಳಿದ್ದಲ್ಲಿ ಮಾತು ನಿಲ್ಲದು.

"ಅಮ್ಮಾ, ಇವತ್ತು ದೊಡ್ಡ ಇಳಿತ ಅದೆ. ಹನ್ನೊಂದಕ್ಕೆ ಇಳದ್ರೆ ಎರಡರ ತನಕ ಆರ್ಸೂಕೆ ಆತದೆ. ನಿಮ್ಮ ಅರಬನಿಗೂ ಒಂದು ಬುಟ್ಟಿ ಕಳಸ್ವಾ?"

"ಒಂದು ಬಳಚಿಗೆ ಐದು ನಿಮಿಷ," ಎಂದೆ.

"ಹಾಂಗಾರೆ ಅಂವ ಉಪಾಸ ಸಾಯ್ತ," ಎಂದು ನಗುತ್ತ ಹೊರಟಳು. ಹೊನ್ನಿ ಅವಳ ಬೆನ್ನಿಗೆ, "ನಡು ದಿಬ್ಬಕ್ಕೆ ಹೋಗ್ಬೇಡ್ವೇ," ಎಂದು ಕೂಗಿದಳು. ಅದು ದಿನಾ ಕೂಗುವ ಮಾತು. ಹೊನ್ನಿಗೆ ಇರುವವಳು ಅವಳೊಬ್ಬಳೇ.

ಒಂಬತ್ತಕ್ಕೆ ನಮ್ಮ ಸರದಿ ಶುರುವಾಯಿತು. ಆ ತಿಂಗಳು ಭಟ್ಕಳ, ಕುಮಟಾ ಕಡೆಯ ಮನೆಗಳ ಅಕ್ಷರಗಳು. ಕೊಲ್ಲಿಯಲ್ಲಿ ಗಂಡಸರಿರುವ ಒಂದೊಂದು ಮನೆಗೂ ತಿಂಗಳಿಗೆ ಒಂದೇ ಅಕ್ಷರ ಕೊಟ್ಟಿದ್ದೆವು. ಮೊದಲೇ ಒಪ್ಪಿಕೊಂಡ ಪಟ್ಟಿ ಇತ್ತು: ಒಂದಕ್ಕೆ ಎಲ್ಲರೂ ಕ್ಷೇಮ, ಇನ್ನೊಂದಕ್ಕೆ ಮಗು ಹುಟ್ಟಿತು, ಮತ್ತೊಂದಕ್ಕೆ ಕಾಯಿಲೆ. ಜನ ಅದಕ್ಕೂ ಒಗ್ಗಿಕೊಂಡರು. ಒಬ್ಬ ಹೆಂಗಸಂತೂ ಮದುವೆಯಾದ ಮೇಲೆ ಗಂಡನ ಜೊತೆ ಇಷ್ಟು ಜಗಳವಿಲ್ಲದೆ ಇದ್ದದ್ದು ಇದೇ ಮೊದಲು ಎಂದಿದ್ದಳು.

ಒಂಬತ್ತು ಮೂವತ್ತೈದಕ್ಕೆ ಮುಳ್ಳು ಬಿದ್ದಿತು. ಹೊನ್ನಿ ಸುರುಳಿ ತಿರುಗಿಸಲೆಂದು ನಾನು ಒತ್ತಿ ಹಿಡಿದಿದ್ದ ಮೋರ್ಸ್ ಕೀ ಬಿಟ್ಟೆ. ಕೀ ಬಿಟ್ಟ ಕೂಡಲೇ ರಿಸೀವರ್ ತಾನಾಗಿ ತೆರೆದುಕೊಳ್ಳುತ್ತದೆ. ಕಾಗದದ ಮೇಲೆ ಪೆನ್ನು ಒಂದು ಗೆರೆ ಎಳೆಯತೊಡಗಿತು.

ನಮ್ಮ ಗಂಟೆಯಲ್ಲಿ ಗೆರೆ. ಖಲ್ಫಾನನ ಕಂಪನಾಂಕ. ಒಂದೂವರೆ ನಿಮಿಷಕ್ಕೆ ನಿಲ್ಲಬೇಕಾದದ್ದು ಎರಡು, ಮೂರು, ಐದು ನಿಮಿಷವಾದರೂ ನಿಲ್ಲಲಿಲ್ಲ. ಚುಕ್ಕೆಯೂ ಅಲ್ಲ, ಗೀಟೂ ಅಲ್ಲ, ಅಕ್ಷರವೇ ಇಲ್ಲದ ಉದ್ದ ಗೆರೆ.

"ರಿಲೇ ಅಂಟಿಕೊಂಡಿದೆ," ಎಂದೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಹೀಗಾಗಿತ್ತು. ಕೀ ಬಿಟ್ಟರೂ ಒಳಗಿನ ಸ್ವಿಚ್ಚು ಬಿಡುವುದಿಲ್ಲ, ಟ್ರಾನ್ಸ್‌ಮಿಟರು ಸುಮ್ಮನೆ ಒದರುತ್ತಿರುತ್ತದೆ. ನಮ್ಮ ಹವ್ಯಾಸದಲ್ಲಿ ಇದಕ್ಕಿಂತ ಅಸಭ್ಯವಾದದ್ದು ಇನ್ನೊಂದಿಲ್ಲ. ಒಬ್ಬರ ಸರದಿಯಲ್ಲಿ ಅರ್ಥವಿಲ್ಲದ ಗೆರೆ ಎಳೆಯುವವನನ್ನು ನಾವು ಮನೆಗೆ ಕರೆಯುವುದೂ ಇಲ್ಲ. ನನಗೆ ಸಿಟ್ಟು ಬಂದಿತ್ತು. ಚಹಾ ಕುಡಿದು ಬಾ, ಅಷ್ಟರಲ್ಲಿ ಅವನು ನೋಡಿಕೊಳ್ಳುತ್ತಾನೆ ಎಂದು ಹೊನ್ನಿಗೆ ಹೇಳಿದೆ.

ಹೊನ್ನಿ ಏಳಲಿಲ್ಲ. ಕಾಗದ ನೋಡುತ್ತ ಕೂತಳು.

ಒಂಬತ್ತು ಐವತ್ತರ ಸುಮಾರಿಗೆ ಗೆರೆ ನಿಧಾನವಾಗಿ ಕೆಳಗೆ ಬಾಗಿತು. ಎರಡು ನಿಮಿಷ ಬಾಗಿ, ಕತ್ತರಿಸಿದ ಹಾಗೆ ನಿಂತಿತು. ನಂತರ ಬರೀ ಗದ್ದಲದ ಚುಕ್ಕಿಗಳು.

"ಅಮ್ಮಾ," ಎಂದಳು ಹೊನ್ನಿ, "ನಮ್ಮಲ್ಲಿ ಭರತದ ನೀರು ಏರಿದಾಗ ನಮ್ಮ ಗೆರೆಯೂ ಹೀಂಗೇ ಬಾಗ್ತದಲ್ಲ?"

ಬಾಗುತ್ತದೆ. ಮನೆಯಲ್ಲೇ ಕಟ್ಟಿದ ಟ್ರಾನ್ಸ್‌ಮಿಟರುಗಳಲ್ಲಿ ಆಂಟೆನಾದ ಬುಡಕ್ಕೆ ನೀರು ಬಂದಂತೆ ಕಂಪನಾಂಕ ತುಸು ಜಾರುತ್ತದೆ. ಹೊನ್ನಿಗೆ ಇದನ್ನು ನಾನೇ ತೋರಿಸಿದ್ದೆ.

"ಭರತ ಏರೂಕೆ ಆರು ತಾಸು ಬೇಕು ಹೊನ್ನಿ. ಇದು ಎರಡು ನಿಮಿಷದಲ್ಲಿ ಬಾಗಿತು."

"ಹಾಂಗಾದ್ರೆ ಎರಡು ನಿಮಿಷದಲ್ಲಿ ಅಷ್ಟು ನೀರು ಬಂತು," ಎಂದಳು.

ಓಮನ್‌ನ ಉತ್ತರಕ್ಕೆ, ಮಕ್ರಾನ್ ಕರಾವಳಿಯ ಎದುರು ಕಡಲತಳದಲ್ಲಿ ಒಂದು ದೊಡ್ಡ ಬಿರುಕಿದೆ ಎಂದು ನನಗೆ ಗೊತ್ತಿತ್ತು. ಅದು ಅಲುಗಿದರೆ ಸೂರ್‌ಗೆ ಅಲೆ ಅರ್ಧ ಗಂಟೆಗೆ ಮುಟ್ಟುತ್ತದೆ, ನಮಗೆ ನಾಲ್ಕು ಗಂಟೆ ಚಿಲ್ಲರೆಗೆ. 'ಸುನಾಮಿ' ಎಂದು ಪೂರ್ತಿ ಕಳಿಸಲು ಖಲ್ಫಾನನಿಗೂ ಬೇಕಾದದ್ದು ಅರ್ಧ ಗಂಟೆಯೇ. ಅವನ ಮನೆಯಲ್ಲಿ ಮೂರು ಮಕ್ಕಳು. ಅವನು ಅಕ್ಷರ ಕಳಿಸುತ್ತ ಕೂರುತ್ತಿದ್ದನೇ? ಅಥವಾ ಕೀಯನ್ನು ದಾರದಿಂದ ಬಿಗಿದು ಕಟ್ಟಿ, ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದನೇ?

ಇಷ್ಟೆಲ್ಲ ನನಗೆ ಆ ಕ್ಷಣದಲ್ಲೇ ಹೊಳೆದಿತ್ತು. ನಂತರ ಹೊಳೆಯಿತು ಎಂದು ಸುಳ್ಳು ಬರೆಯಲಾರೆ. ಹೊಳೆದರೂ ನಾನು ಹೇಳಿದ್ದು ಇಷ್ಟು: "ರಿಲೇ ಸುಟ್ಟರೂ ಗೆರೆ ಬಾಗುತ್ತದೆ. ಹತ್ತಕ್ಕೆ ಅವನ ಸರದಿ. ನೋಡೋಣ."

ಹತ್ತರಿಂದ ಹನ್ನೊಂದರ ತನಕ ಕಾಗದ ಖಾಲಿ ತಿರುಗಿತು. ಕಿಟಕಿಯಿಂದ ಕಾಣುತ್ತಿತ್ತು, ಹೊಳೆ ಹಿಂದೆ ಸರಿದು ದಿಬ್ಬಗಳು ಬೆನ್ನು ತೋರಿಸುತ್ತಿದ್ದವು. ಹೆಂಗಸರು ಬಣ್ಣಬಣ್ಣದ ಸೀರೆ ಎತ್ತಿ ಕಟ್ಟಿಕೊಂಡು ಸಾಲಾಗಿ ಇಳಿಯುತ್ತಿದ್ದರು.

"ಅಮ್ಮಾ, ಹೇಳ್ಬಿಡಿ," ಎಂದಳು ಹೊನ್ನಿ. "ಮೇಲೆ ಬರೂಕೆ ಹೇಳ್ಬಿಡಿ."

"ಎಂತ ಹೇಳ್ಲಿ? ಒಂದು ಗೆರೆ ಬಂತು, ಓಡಿ ಬನ್ನಿ ಅಂತ ಹೇಳ್ಲಾ? ನಾನು ಹೇಳಿದ್ರೆ ಯಾರು ಬರ್ತಾರೆ? ಬಂದ್ರೂ, ಏನೂ ಆಗದಿದ್ರೆ? ಮುಂದೆ ನಿಜವಾಗಿ ಬಂದ ದಿನ ಯಾರೂ ಬರೂದಿಲ್ಲ. ಗಿರಿಯಣ್ಣ ಸತ್ತದ್ದು ಮರೆತ್ಯಾ?"

"ಶೇವಂತಿ ಕೆಳಗದೆ."

"ನಂಗೂ ಗೊತ್ತದೆ ಹೊನ್ನಿ. ಹನ್ನೊಂದಕ್ಕೆ ನಮ್ಮ ಸರದಿ. ಕೇಳ್ತೆ. ಅವನು ಹನ್ನೆರಡಕ್ಕೆ ಉತ್ತರ ಕೊಡ್ತಾನೆ. ಅಲೆ ಬರೂದೇ ಆದ್ರೂ ಒಂದೂವರೆ. ಹೊತ್ತದೆ."

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೇರೆ ಏನೋ ಲೆಕ್ಕ ಹಾಕುತ್ತಿದ್ದಳು. ನಾನು ಹನ್ನೊಂದಕ್ಕೆ ಕೀ ಒತ್ತಿ, ಕ್ಷೇಮವೇ ಎಂಬ ಪ್ರಶ್ನೆಯ ಮೊದಲ ಅಕ್ಷರ ಕಳಿಸುವಷ್ಟರಲ್ಲಿ ಹೊನ್ನಿ ಕೋಣೆಯಲ್ಲಿ ಇರಲಿಲ್ಲ.

ಒಬ್ಬಳೇ ಕೀ ಒತ್ತಿದೆ, ಒಬ್ಬಳೇ ಸುರುಳಿ ತಿರುಗಿಸಿದೆ. ಹನ್ನೆರಡಾಯಿತು. ಖಲ್ಫಾನನ ಗಂಟೆ. ಹನ್ನೆರಡೂಕಾಲು, ಹನ್ನೆರಡೂವರೆ. ಪೆನ್ನು ಗದ್ದಲದ ಚುಕ್ಕಿ ಬಿಟ್ಟರೆ ಏನೂ ಬರೆಯಲಿಲ್ಲ. ಒಂದೇ ಒಂದು ಚುಕ್ಕೆ ಕಳಿಸು ಮಾರಾಯ, ಒಂದೇ ಚುಕ್ಕೆ, ಎಂದು ಗಟ್ಟಿಯಾಗಿ ಬೇಡಿಕೊಂಡೆ. ಎಷ್ಟು ಕೆಟ್ಟವಳು ನಾನು! ನೂರಾರು ಹೆಂಗಸರ ಜೀವಕ್ಕೂ ನನ್ನ ಭಯಕ್ಕೂ ನಡುವೆ ಒಂದು ನಿಯಮವನ್ನು ಅಡ್ಡ ನಿಲ್ಲಿಸಿಕೊಂಡು ಕೂತಿದ್ದೆ.

ಆಗ ಕೆಳಗಿನಿಂದ ಅಳು ಕೇಳಿತು.

ಒಬ್ಬರದಲ್ಲ, ನೂರಾರು ಜನರದು. ಎದೆ ಬಡಿದುಕೊಳ್ಳುವ, ರಾಗವಾಗಿ ಎಳೆಯುವ ಅಳು. ಕಿಟಕಿಯಿಂದ ನೋಡಿದರೆ ದಿಬ್ಬಗಳು ಬರಿದಾಗಿದ್ದವು. ಹೆಂಗಸರೆಲ್ಲ ಬುಟ್ಟಿ ಅಲ್ಲಲ್ಲೇ ಬಿಟ್ಟು ಗುಡ್ಡದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಿಂದೆ ಆಗರದ ಗಂಡಸರು, ಅವರ ಹಿಂದೆ ಶಾಲೆಯ ಮಕ್ಕಳು. ಮುಂದಿದ್ದವಳು ಗಿರಿಯಣ್ಣನ ಹೆಂಡತಿ. ನನ್ನ ಕಂಡರೆ ದಾರಿ ಬದಲಿಸುವವಳು ಎದೆ ಬಡಿದುಕೊಂಡು ನನ್ನ ಬಾಗಿಲಿಗೇ ಬಂದಳು, ಒಳಗೆ ಕಾಲಿಟ್ಟಳು, ನನ್ನನ್ನು ನೋಡಿ ಕಿಟಾರನೆ ಕಿರುಚಿದಳು.

"ಸತ್ತದೆ ಅಂದ್ರಲ್ಲ! ಕುಂತದೆ!"

ಬೇಲೆಕಟ್ಟಿನಲ್ಲಿ ಯಾರೇ ಸತ್ತರೂ ಹೆಣ ಎತ್ತುವ ತನಕ ಒಬ್ಬರೂ ಹೊಳೆಗೆ ಇಳಿಯುವುದಿಲ್ಲ, ಉಪ್ಪಿಗೆ ಕೈ ಹಾಕುವುದಿಲ್ಲ. ಬಿರುಗಾಳಿ ಬಂತು ಎಂದರೆ ಅನುಮಾನ ಪಡುವ ಜನ ಸಾವು ಎಂದರೆ ಪಡುವುದಿಲ್ಲ. ಎಲ್ಲರೂ ಬಂದು ಹೆಣದ ಬಳಿ ಕೂರಲೇಬೇಕು, ಸತ್ತವರ ಜೊತೆ ಮಾತು ಬಿಟ್ಟವರು ಕೂಡ. ಹೊನ್ನಿ ದಿಬ್ಬದಿಂದ ದಿಬ್ಬಕ್ಕೆ ಕೆಸರಲ್ಲಿ ಓಡುತ್ತ ರೇಡಿಯೊ ಅಮ್ಮ ಹೋಗಿಬಿಟ್ಟರು ಎಂದು ಸಾರಿದ್ದಳು. ತೀರಾ ಹೊರಗಿನ ದಿಬ್ಬಗಳ ತನಕ ಹೋಗಿ ಎಲ್ಲರನ್ನೂ ಕರೆತರಲು ಅವಳಿಗೆ ಒಂದೂವರೆ ತಾಸು ಹಿಡಿದಿತ್ತು.

ಅವಳು ಎಲ್ಲರ ಹಿಂದೆ, ಮೊಣಕಾಲ ತನಕ ಕೆಸರಾಗಿ, ಉಸಿರು ಕಟ್ಟಿ ಬಂದಳು. ಸುತ್ತ ಜನ ಕೂಗಾಡುತ್ತಿದ್ದರು. ಎಂಥ ಚೇಷ್ಟೆ ಇದು, ಇರುವವರನ್ನು ಸಾಯಿಸ್ತಾರಾ, ಮೈಮೇಲೆ ಜ್ಞಾನ ಇಲ್ವಾ ಎಂದು. ಹೊನ್ನಿ ಅವರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದು ಹೇಳಿದಳು: "ಸುಳ್ಳು ಹೇಳೂದು ನನ್ನ ಕೆಲಸ ಇತ್ತು, ಮುಗೀತು. ಈಗ ನಿಜ ನೀವು ಹೇಳಿ."

ಖಾಲಿ ಕಾಗದ ನನ್ನ ಕೈಯಲ್ಲಿತ್ತು. ಯಾವ ಖಾತರಿಯೂ ಇರಲಿಲ್ಲ.

"ಸಮುದ್ರ ಬರ್ತಾ ಇದೆ," ಎಂದೆ. "ಯಾರೂ ಇಳೀಬೇಡಿ. ಬೈಕಿದ್ದವರು ಉತ್ತರಕ್ಕೊಬ್ಬ, ದಕ್ಷಿಣಕ್ಕೊಬ್ಬ ಹೋಗಿ. ದಾರಿಯಲ್ಲಿ ಸಿಕ್ಕ ದೇವಸ್ಥಾನದ ಗಂಟೆ ಹೊಡೀರಿ, ಮಸೀದಿಯ ಮೈಕಿನಲ್ಲಿ ಕೂಗಿಸಿ. ಒಂದೂಕಾಲಾದ ಕೂಡಲೇ ಎಲ್ಲಿದ್ರೂ ಮೇಲೆ ಹತ್ತಿ."

ಇದೇ ಮಾತನ್ನು ನಾನು ಹತ್ತು ಗಂಟೆಗೆ ಹೇಳಬಹುದಿತ್ತು. ಆ ಬೈಕುಗಳು ಮುಟ್ಟಲಾಗದ ಊರುಗಳ ಹೆಸರು ನನಗೆ ಬಾಯಿಪಾಠವಾಗಿದೆ.

ಅಷ್ಟರಲ್ಲಿ ಹೊನ್ನಿ ಜನರ ನಡುವೆ ಏನನ್ನೋ ಹುಡುಕುತ್ತಿದ್ದಳು. "ಶೇವಂತಿ ಎಲ್ಲಿ? ನಡು ದಿಬ್ಬದಿಂದ ನಿಮ್ಮ ಸಂಗಡವೇ ಬಂತಲ್ಲ?"

ಪಕ್ಕದ ಮನೆಯ ಹೆಂಗಸೊಬ್ಬಳು ಹೇಳಿದಳು: "ಇಲ್ವೇ. ಸತ್ತ ಸುದ್ದಿ ರಕ್ತಸಂಬಂಧದವರಿಗೆ ಮುಟ್ಟಿಸ್ಬೇಕಲ್ಲ. ರೇಡಿಯೊ ಅಮ್ಮನ ತಮ್ಮ ಆಚೆ ದಡದಲ್ಲಿ ಇದ್ರಲ್ಲ, ಅವ್ರಿಗೆ ಹೇಳಿ ಬತ್ತೆ ಅಂತ ಪಾತಿದೋಣಿ ತಕಂಡು ಹೋಯ್ತು. ಅವ್ರು ಬರೂತನ್ಕ ಹೆಣ ಎತ್ತೂಕಾಗ ಅಂತು."

ಹೊನ್ನಿ ತಿರುಗಿ ಮೆಟ್ಟಿಲ ಕಡೆ ಓಡಿದಳು. ನಾಲ್ಕು ಹೆಂಗಸರು ಅವಳನ್ನು ಹಿಡಿದು ನೆಲಕ್ಕೆ ಕೆಡವಬೇಕಾಯಿತು.

ನನಗೆ ಒಬ್ಬ ತಮ್ಮನಿದ್ದಾನೆ, ಬೊಮ್ಮಯ್ಯ. ಹೊಳೆಯಾಚೆ ದಂಡೆಕೊಪ್ಪದ ದಿಣ್ಣೆಯ ಮೇಲೆ ಅವನ ಮನೆ. ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ. ಅಮ್ಮನಿಗೆ ಬಹಳ ಹುಷಾರಿಲ್ಲ ಎಂದು ಅವನು ಫೋನು ಮಾಡಿದಾಗ ನಾನು ಡ್ಯೂಟಿಯಲ್ಲಿದ್ದೆ. ಡಾಕ್ಟರ ಹತ್ತಿರ ಮಾತಾಡಿ ಖಚಿತ ಮಾಡಿಕೊಂಡು ಹೊರಡೋಣ ಎಂದು ಒಂದು ದಿನ ಕಾದೆ. ನಾನು ಬಂದಾಗ ಬೂದಿ ತಣ್ಣಗಾಗಿತ್ತು. ನಾನು ಅವನ ಊರಿನ ಎದುರೇ ಬಂದು ಕೂತರೂ ಅವನು ಒಮ್ಮೆಯೂ ಹೊಳೆ ದಾಟಲಿಲ್ಲ.

ಒಂದು ಗಂಟೆಗೆ ನಮ್ಮ ಸರದಿ. ನಾನು ಅಕ್ಷರ ಕಳಿಸಲಿಲ್ಲ. ಕೀ ಒತ್ತಿ, ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿಬಿಟ್ಟೆ. ದಕ್ಷಿಣದ ದ್ವೀಪಗಳಲ್ಲಿ ಯಾರಾದರೂ ಕಾಗದದ ಮುಂದೆ ಕೂತಿದ್ದರೆ, ನನ್ನಷ್ಟು ಶಿಸ್ತಿನವರು ಆಗಿರದಿದ್ದರೆ, ಅರ್ಥಮಾಡಿಕೊಳ್ಳಲಿ ಎಂದುಕೊಂಡೆ.

ಒಂದೂ ಇಪ್ಪತ್ತಕ್ಕೆ ಆಂಪಿಯರ್ ಮುಳ್ಳು ಬೀಳತೊಡಗಿತು. ಸುರುಳಿ ತಿರುಗಿಸಿದೆ, ಮತ್ತೂ ಬಿದ್ದಿತು. ಕೊನೆಯ ಎಳೆಯ ತನಕ ತಿರುಗಿಸಿದರೂ ಮುಳ್ಳು ನಿಲ್ಲಲಿಲ್ಲ. ಎದ್ದು ಅಂಗಳಕ್ಕೆ ಬಂದೆ.

ಹೊಳೆ ಹೋಗುತ್ತಿತ್ತು. ಯಾರೂ ಎಂದೂ ನೋಡದ ಕಪ್ಪು ಕೆಸರು ಕಡಲಿನ ತನಕ ಬಿಚ್ಚಿಕೊಂಡಿತು. ಮೀನುಗಳು ಅಲ್ಲಲ್ಲೇ ಚಿಮ್ಮುತ್ತಿದ್ದವು, ಬಳಚಿನ ರಾಶಿ ಬಿಸಿಲಿಗೆ ಹೊಳೆಯುತ್ತಿತ್ತು. ಕೆಳಗೆ ಇದ್ದಿದ್ದರೆ ಬೇಲೆಕಟ್ಟಿನ ಹೆಂಗಸರೆಲ್ಲ ಬುಟ್ಟಿ ಹಿಡಿದು ಖುಷಿಯಿಂದ ಅದರ ಹಿಂದೆಯೇ ಓಡುತ್ತಿದ್ದರು. ಆಚೆ ದಡದ ಹತ್ತಿರ ಒಂದು ಪಾತಿದೋಣಿ ಕೆಸರಿನಲ್ಲಿ ವಾಲಿ ಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ. ಇಳಿದು ಮೇಲೆ ಹೋದಳೋ, ಮತ್ತೆ ವಾಪಸು ಬರಲೆಂದು ಕೆಸರಿಗೆ ಇಳಿದಿದ್ದಾಳೋ, ಅಷ್ಟು ದೂರಕ್ಕೆ ಕಾಣಲಿಲ್ಲ.

ನಂತರ ಅಲೆ ಬಂತು. ಎತ್ತರದ ಗೋಡೆಯಲ್ಲ. ಇಡೀ ಕಡಲು ಎದ್ದು ಒಳಗೆ ನಡೆದುಬಂದಂತೆ ಬಂತು, ನಿಲ್ಲಲೇ ಇಲ್ಲ. ದಿಬ್ಬಗಳು, ಆಗರದ ನಲವತ್ತು ಗದ್ದೆಗಳು, ಉಪ್ಪಿನ ರಾಶಿಗಳು, ಹೊನ್ನಿಯ ಮನೆ, ಶಾಲೆ, ಎಲ್ಲದರ ಮೇಲೂ ಹಾದು ಗುಡ್ಡದ ಹನ್ನೆರಡನೆಯ ಮೆಟ್ಟಿಲ ತನಕ ಏರಿ ನಿಂತಿತು. ಮೂರು ಸಲ ಬಂತು. ನಮ್ಮ ಕಂಬ ಎರಡನೆಯ ಸಲಕ್ಕೆ ಹೋಯಿತು. ಬೈಕಿನಲ್ಲಿ ಹೋದವರು ಹೋಗಿ, ಬೇಲೆಕಟ್ಟಿನ ಉಳಿದ ನಾನೂರಾ ಹನ್ನೊಂದು ಜನ ಗುಡ್ಡದ ಮೇಲೆ ಇದ್ದೆವು, ಶೇವಂತಿ ಒಬ್ಬಳನ್ನು ಬಿಟ್ಟು.

ಹೊನ್ನಿ ಅಂಗಳದ ತುದಿಯಲ್ಲಿ ಆಚೆ ದಡಕ್ಕೆ ಮುಖ ಮಾಡಿ ಕೂತಳು. ನಾನು ಪಕ್ಕದಲ್ಲಿ ಕೂತೆ. "ನಾನು ಬೆಳಿಗ್ಗೆಯೇ ಹೇಳಿದ್ರೆ ನೀನು ಸುಳ್ಳು ಹೇಳಬೇಕಾಗಿರಲಿಲ್ಲ," ಎಂದೆ. ಬೆನ್ನ ಮೇಲಿಟ್ಟ ನನ್ನ ಕೈಯನ್ನು ಅವಳು ದೂಡಲಿಲ್ಲ, ಅಷ್ಟೇ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬರಿಯ ರಿಸೀವರಿಗೆ ಒಂದು ತಂತಿ ಸಿಕ್ಕಿಸಿ ಎರಡಕ್ಕೆ, ನಾಲ್ಕಕ್ಕೆ, ಖಲ್ಫಾನನ ಗಂಟೆಗಳಲ್ಲಿ ಎದ್ದು ಹೋಗಿ ಕಾಗದ ನೋಡಿ ಬಂದೆ. ಏನೂ ಇರಲಿಲ್ಲ.

ಹೊತ್ತು ಮುಳುಗುವ ಸಮಯಕ್ಕೆ ಗುಡ್ಡದ ಹಿಂಬದಿಯ ಕಾಲುದಾರಿಯಲ್ಲಿ ಶೇವಂತಿ ಹತ್ತಿ ಬಂದಳು. ಹೊಳೆಯ ಮೇಲ್ಭಾಗದ ಸೇತುವೆ ಸುತ್ತಿ ನಡೆದು ಬಂದಿದ್ದಳು, ಕಾಲಿನ ತುಂಬ ಗಾಯ. ಹೊನ್ನಿ ಎದ್ದು ಮೊದಲು ಮಗಳ ಬೆನ್ನಿಗೆ ಗುದ್ದಿದಳು, ಎರಡು ಸಲ, ಜೋರಾಗಿ. ಆಮೇಲೆ ತಬ್ಬಿಕೊಂಡು ನೆಲಕ್ಕೆ ಕುಸಿದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

ಶೇವಂತಿ ತಾಯಿಯ ಭುಜದ ಮೇಲಿಂದ ನನ್ನನ್ನು ನೋಡಿ, ಸತ್ತವಳೇ ಎದ್ದು ಬಂದಂತೆ ಬಾಯಿ ತೆರೆದಳು. ಜನ ನಡೆದದ್ದನ್ನು ಹೇಳಿದರು. ನಾನು ಅವಳ ಎದುರು ಕೂತು, "ಆಚೆ ಎಂತಾಯ್ತು?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು.

"ಬೇಜಾರ ಮಾಡ್ಬೇಡಿ ಅಮ್ಮಾ."

"ಸತ್ತವಳಿಗೆ ಎಂತ ಬೇಜಾರು? ಹೇಳು."

"ಅವ್ರು ಬರೂದಿಲ್ಲ ಅಂದ್ರು. ಅವ್ವಿ ಮುಖ ನೋಡೂಕೆ ಬರದವ್ಳ ಮುಖ ನಾ ನೋಡೂದಿಲ್ಲ, ಹೆಣ ನೀವೇ ಸುಡಿ ಅಂದ್ರು. ನಂಗೆ ಸಿಟ್ಟು ಬಂತು. ನೀವು ಬರೂತನ್ಕ ನಾ ಏಳೂದಿಲ್ಲ ಅಂತ ಜಗಲಿ ಮೇಲೆ ಕುಂತೆ. ಅವ್ರು ಬೈದ್ರು, ನಾನೂ ಬೈದೆ. ಹೀಂಗೇ ಮುಕ್ಕಾಲು ತಾಸು ಜಗಳ ಆಯ್ತು. ಅಷ್ಟೊತ್ತಿಗೆ ಕೆಳಗೆ ನೀರು ಬಂತು."

ನೋವಾಯಿತು, ಬಹಳ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ನಾನು ಸತ್ತ ಸುದ್ದಿ ಕೇಳಿ ಅವನು ಒಂದು ಹನಿ ಕರಗಿದ್ದರೂ, ಅಯ್ಯೋ ಅಕ್ಕಾ ಎಂದು ಎದ್ದು ಹೊರಟಿದ್ದರೂ, ಅವನೂ ಈ ಹುಡುಗಿಯೂ ಒಂದೂವರೆ ಗಂಟೆಗೆ ನಡುಹೊಳೆಯಲ್ಲಿ ಇರುತ್ತಿದ್ದರು. ಹನ್ನೊಂದು ವರ್ಷದ ಅವನ ಸಿಟ್ಟು ಅವಳನ್ನು ಆ ಜಗಲಿಯ ಮೇಲೆ ಹಿಡಿದು ಕೂರಿಸಿತ್ತು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಎಂದು ಗಿರಿಯಣ್ಣನ ಹೆಂಡತಿ ಬಗ್ಗಿ ನೋಡಿದಳು.

"ಅಷ್ಟು ದೂರ ಒಬ್ಬಳೇ ನಡೆದು ಬಂದ್ಯಾ?" ಎಂದೆ.

"ಇಲ್ಲ. ಕೆಳಗೆ ಗೇರುಮರದ ಹತ್ರ ನಿಂತವ್ರೆ. ಹತ್ತೂಕೆ ಕೇಳ್ತಿಲ್ಲ."

ನಾನು ಚಪ್ಪಲಿಯನ್ನೂ ಮೆಟ್ಟದೆ ಇಳಿದೆ. ಬೊಮ್ಮಯ್ಯ ಮರಕ್ಕೆ ಒರಗಿ, ನನಗೆ ಬೆನ್ನು ಹಾಕಿ ನಿಂತಿದ್ದ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಜ್ಜೆ ಸದ್ದು ಕೇಳಿ ತಿರುಗಿದ. ನಾನು ಸತ್ತೆನೆಂದೇ ತಿಳಿದಿದ್ದವನು ಶೇವಂತಿಯಂತೆ ಬಾಯಿ ತೆರೆದ, ಮುಚ್ಚಿದ.

"ನಿನ್ನ ನೋಡೂಕೆ ಬಂದದ್ದಲ್ಲ," ಎಂದ. "ಹುಡುಗಿನ್ನ ಬಿಡೂಕೆ ಬಂದದ್ದು."

"ಗೊತ್ತು," ಎಂದೆ.

"ಕತ್ತಲೆಯಾತದೆ. ಹೋಗ್ತೆ," ಎಂದ. ಹಾಗೆಂದು ಹೇಳಿ, ಹೋಗದೆ, ನನ್ನ ಮುಖವನ್ನೇ ನೋಡುತ್ತ ನಿಂತ.